ಮಕ್ಕಳು ಸಾಲ ಮಾಡಿ ಕಾರು ಕೊಳ್ಳಬೇಕೇ?

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಆರೋಗ್ಯ, ಹೈನುಗಾರಿಕೆ, ಹೆಣ್ಣುಮಕ್ಕಳ ಶಿಕ್ಷಣ ಇವುಗಳ ಬಗ್ಗೆ ನಾವು ಸಭೆಗಳಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತಿನ ವಿಷಯ ಸ್ವಲ್ಪ ಬೇರೆ. ಮಗನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷ. ಒಂದು ಕೆಲಸ ಸಿಕ್ಕಿದೆ. ಈಗ ಅವನಿಗೆ ಕಾರು ಬೇಕು. ಬ್ಯಾಂಕಿನವರೋ ಫೈನಾನ್ಸಿನವರೋ ಸಾಲ ಕೊಡ್ತಾರೆ. ಕೈಯಿಂದ ಹಾಕಬೇಕಾದ ದುಡ್ಡಿಗೆ ಮಾತ್ರ ಅವನು ಅಮ್ಮನ ಹತ್ತಿರ ಬರ್ತಾನೆ. "ಅಮ್ಮಾ, ನಿನ್ನ ಸಂಘದಲ್ಲಿ ಒಂದು ಲಕ್ಷ ಕೇಳು" ಅಂತಾನೆ. ಹೀಗೆ ಮಗನ ಕಾರಿನ ವಿಷಯ ನಮ್ಮ ಸಂಘದ ಚಾಪೆಯವರೆಗೆ ಬಂದು ಬಿಡುತ್ತದೆ. ಆದ್ದರಿಂದ ಇದು ಗಂಡಸರು ಮಾತಾಡಿಕೊಳ್ಳುವ ವಿಷಯ ಎಂದು ನಾವು ಸುಮ್ಮನಿರುವ ಹಾಗಿಲ್ಲ.

ಮಕ್ಕಳ ಆಸೆ ತಪ್ಪಲ್ಲ

ಮೊದಲು ಒಂದು ಮಾತು. ಕಾರು ಕೇಳಿದ ಮಗನನ್ನು ದುಂದುಗಾರ ಎಂದು ಬೈಯುವುದು ಬೇಡ. ನಮ್ಮ ಮಲೆನಾಡಿನ ಸ್ಥಿತಿ ನಮಗೆ ಗೊತ್ತು. ಮನೆಗಳು ದೂರ ದೂರ. ಡಾಂಬರು ರಸ್ತೆಯಿಂದ ಇಳಿದು ಎರಡು ಮೂರು ಕಿಲೋಮೀಟರ್ ತೋಟದ ದಾರಿಯಲ್ಲಿ ನಡೆಯಬೇಕು. ಸಂಜೆಯ ಬಸ್ಸು ತಪ್ಪಿದರೆ ಮತ್ತೆ ಬಸ್ಸಿಲ್ಲ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಬಂತು, ಒಳ್ಳೆಯದಾಯಿತು. ಆದರೆ ನಮ್ಮ ಒಳಗಿನ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ರಾತ್ರಿ ಹೊತ್ತು ಅತ್ತೆಗೆ ಎದೆನೋವು ಬಂದರೆ, ಸೊಸೆಗೆ ಹೆರಿಗೆ ನೋವು ಬಂದರೆ, ಜೀಪಿನವರ ಮನೆ ಬಾಗಿಲು ತಟ್ಟಬೇಕು. ಇದನ್ನೆಲ್ಲ ನೋಡಿ ಬೆಳೆದ ಹುಡುಗ "ನಮ್ಮ ಮನೆಗೂ ಒಂದು ಗಾಡಿ ಇರಲಿ" ಅಂದರೆ ಅದರಲ್ಲಿ ನ್ಯಾಯ ಇದೆ.

ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಜೊತೆಗೆ ಓದಿದವರು ಬೆಂಗಳೂರಿನಿಂದ ದೀಪಾವಳಿಗೆ ಕಾರಿನಲ್ಲಿ ಬರುತ್ತಾರೆ. ಹೆಣ್ಣು ನೋಡಲು ಹೋದ ಮನೆಯಲ್ಲಿ "ಗಾಡಿ ಇದೆಯಾ?" ಎಂದು ಕೇಳುತ್ತಾರೆ. ಈ ಮುಜುಗರ ಹುಡುಗರ ಮನಸ್ಸನ್ನು ಚುಚ್ಚುತ್ತದೆ. ಅದನ್ನೂ ನಾವು ಅರ್ಥ ಮಾಡಿಕೊಳ್ಳಬೇಕು. ಆದರೆ ಒಂದು ದಿನದ ಮುಜುಗರ ಕಳೆಯಲು ಏಳು ವರ್ಷ ಕಂತು ಕಟ್ಟಬೇಕಾ ಎಂಬುದನ್ನು ಅವನ ಪಕ್ಕದಲ್ಲಿ ಕೂತು, ಪೆನ್ನು ಪುಸ್ತಕ ಹಿಡಿದು ನೋಡಬೇಕು.

ಒಂದು ಮನೆಯ ಲೆಕ್ಕ

ಒಂದು ಮನೆ ಎಂದು ಇಟ್ಟುಕೊಳ್ಳೋಣ. ಮಗನ ಸಂಬಳ ತಿಂಗಳಿಗೆ 15,000 ರೂಪಾಯಿ. ಅಮ್ಮ ತೋಟದ ಕೂಲಿಗೆ ಹೋಗುತ್ತಾಳೆ. ಮಗ ನೋಡಿದ ಕಾರಿಗೆ ಷೋರೂಮಿನ ಬೆಲೆ 6 ಲಕ್ಷ. ನಮ್ಮ ರಾಜ್ಯದಲ್ಲಿ 5 ಲಕ್ಷದಿಂದ 10 ಲಕ್ಷದೊಳಗಿನ ಕಾರಿಗೆ ನೂರಕ್ಕೆ 14ರಂತೆ ಆಜೀವ ತೆರಿಗೆ, ಆ ತೆರಿಗೆಯ ಮೇಲೆ ಸೆಸ್ಸು. ಇದೇ ಸುಮಾರು 93 ಸಾವಿರ ಆಗುತ್ತದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕೆಂದು 2018ರಿಂದ ನಿಯಮವಿದೆ. ವಿಮೆ, ನೋಂದಣಿ ಎಲ್ಲ ಸೇರಿದರೆ ಕಾರು ರಸ್ತೆಗೆ ಇಳಿಯುವಾಗ 7 ಲಕ್ಷ 30 ಸಾವಿರ ಎಂದುಕೊಳ್ಳಿ. ಬ್ಯಾಂಕು 6 ಲಕ್ಷ ಕೊಡುತ್ತದೆ. ಉಳಿದ 1 ಲಕ್ಷ 30 ಸಾವಿರದಲ್ಲಿ ಮಗನ ಹತ್ತಿರ ಇರುವುದು 30 ಸಾವಿರ. ಮಿಕ್ಕ ಒಂದು ಲಕ್ಷ ಅಮ್ಮನ ಸಂಘದಿಂದ ಬರಬೇಕು.

6 ಲಕ್ಷಕ್ಕೆ ವರ್ಷಕ್ಕೆ ನೂರಕ್ಕೆ 10ರ ಬಡ್ಡಿ, ಏಳು ವರ್ಷ ಅವಧಿ ಎಂದರೆ ತಿಂಗಳ ಕಂತು 9,961 ರೂಪಾಯಿ. ಏಳು ವರ್ಷದಲ್ಲಿ ಕಟ್ಟುವುದು 8 ಲಕ್ಷ 36 ಸಾವಿರಕ್ಕೂ ಮೇಲೆ. ಅದೇ ಸಾಲವನ್ನು ಐದು ವರ್ಷದಲ್ಲಿ ತೀರಿಸಿದರೆ ಕಂತು 12,748, ಒಟ್ಟು ಸುಮಾರು 7 ಲಕ್ಷ 65 ಸಾವಿರ. ಕಂತು ಕಡಿಮೆ ಕಾಣಲಿ ಎಂದು ಅವಧಿ ಉದ್ದ ಮಾಡಿದ್ದಕ್ಕೆ ಸುಮಾರು 72 ಸಾವಿರ ಹೆಚ್ಚು ಹೋಗುತ್ತದೆ.

ಕಂತು ಕಟ್ಟಿದರೆ ಕಾರು ಓಡುವುದಿಲ್ಲ, ಪೆಟ್ರೋಲ್ ಬೇಕು. ತಿಂಗಳಿಗೆ 500 ಕಿಲೋಮೀಟರ್ ಮಾತ್ರ ಓಡಿಸಿದರೂ, ನಮ್ಮ ಏರು ತಿರುವಿನ ರಸ್ತೆಯಲ್ಲಿ ಲೀಟರಿಗೆ 16 ಕಿಲೋಮೀಟರ್ ಎಂದು ಹಿಡಿದರೂ, 3,200 ರೂಪಾಯಿ ಬೇಕು. ವಿಮೆ, ಸರ್ವಿಸ್, ಟಯರ್, ಕಲ್ಲು ರಸ್ತೆಯಲ್ಲಿ ತಳ ಬಡಿದದ್ದಕ್ಕೆ ರಿಪೇರಿ, ಇವಕ್ಕೆ ತಿಂಗಳಿಗೆ 2,000 ಎತ್ತಿಡಬೇಕು. ಈಗ ಕೂಡಿಸಿ ನೋಡಿ. 15 ಸಾವಿರ ದಾಟಿತು. ಮಗನ ಪೂರ್ತಿ ಸಂಬಳ ಕಾರಿಗೆ ಹೋಯಿತು. ಅವನ ಊಟ, ಬಟ್ಟೆ, ಫೋನು, ಮನೆಯ ಅಕ್ಕಿ ಬೇಳೆ ಎಲ್ಲ ಯಾರ ದುಡಿಮೆಯಲ್ಲಿ? ಅಮ್ಮನ ದುಡಿಮೆಯಲ್ಲಿ. ಅದರ ಮೇಲೆ ಸಂಘದ ಸಾಲ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, 20 ಕಂತು ಎಂದರೆ ಮೊದಲ ತಿಂಗಳು 6,000 ಕಟ್ಟಬೇಕು. ದಿನಕ್ಕೆ 400 ಕೂಲಿ ಎಂದರೂ ಅದು ಹದಿನೈದು ದಿನದ ಕೂಲಿ.

ಇಷ್ಟೆಲ್ಲ ಕಟ್ಟಿದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ? ವಿಮೆಯ ಲೆಕ್ಕದಲ್ಲಿ ಕಾರಿನ ಬೆಲೆಯಿಂದ ಮೊದಲ ವರ್ಷ ಮುಗಿಯುವುದರೊಳಗೆ ನೂರಕ್ಕೆ 15 ಕಳೆಯುತ್ತಾರೆ, ನಾಲ್ಕು ವರ್ಷ ದಾಟಿದರೆ ಅರ್ಧಕ್ಕೆ ಅರ್ಧ ಕಳೆಯುತ್ತಾರೆ. ಅಂದರೆ 6 ಲಕ್ಷದ ಕಾರು 3 ಲಕ್ಷಕ್ಕೆ ಇಳಿಯಿತು. ಆ ಹೊತ್ತಿಗೆ ಏಳು ವರ್ಷದ ಸಾಲದಲ್ಲಿ ನಾಲ್ಕು ವರ್ಷ ಕಂತು ಕಟ್ಟಿದ್ದರೂ ಅಸಲು ಇನ್ನೂ 3 ಲಕ್ಷ 8 ಸಾವಿರ ಬಾಕಿ. ಹಸು ಕೊಂಡರೆ ಕರು ಹಾಕುತ್ತದೆ. ಕಾಳುಮೆಣಸಿನ ಬಳ್ಳಿ ನೆಟ್ಟರೆ ವರ್ಷ ವರ್ಷ ಹಬ್ಬುತ್ತದೆ. ಮನೆಯ ಮುಂದೆ ನಿಂತ ಕಾರು ಮಾತ್ರ ನಿಂತಲ್ಲೇ ಸವೆಯುತ್ತದೆ.

ಕಂತಿಗೆ ಮಳೆಗಾಲ ಗೊತ್ತಿಲ್ಲ

ಪೇಟೆಯಲ್ಲಿ ತಿಂಗಳ ಸಂಬಳದವರಿಗೆ ಮಾಡಿದ ಲೆಕ್ಕ ನಮ್ಮ ತಾಲ್ಲೂಕುಗಳಿಗೆ ಹೊಂದುವುದಿಲ್ಲ. ಯಾಕೆಂದರೆ ನಮ್ಮಲ್ಲಿ ದುಡ್ಡು ಪ್ರತಿ ತಿಂಗಳೂ ಬರುವುದಿಲ್ಲ. ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು ಎಲ್ಲ ದಸರಾ ಕಳೆದ ಮೇಲೆ. ನವೆಂಬರಿನಿಂದ ಮಾರ್ಚಿಯವರೆಗೆ ಕಾಫಿ ಹಣ್ಣು ಕೊಯ್ಯುವ ಕೆಲಸ. ಆಮೇಲೆ ಮೆಣಸು. ಜೂನ್ ಬಂತು ಎಂದರೆ ಮಳೆ. ಶೃಂಗೇರಿ, ಕಿಗ್ಗ ಕಡೆಯ ಮಳೆಯ ಬಗ್ಗೆ ನಿಮಗೆ ನಾವು ಹೇಳಬೇಕಾಗಿಲ್ಲ. ವಾರಗಟ್ಟಲೆ ಕೂಲಿ ಇಲ್ಲ. ಗದ್ದೆ ನಟ್ಟಿ ಇದ್ದ ಕಾಲದಲ್ಲಿ ಅಷ್ಟಾದರೂ ಕೆಲಸ ಇತ್ತು, ಈಗ ಗದ್ದೆಗಳೂ ಕಡಿಮೆ. ಅದೇ ಜೂನಿನಲ್ಲಿ ಶಾಲೆಯ ಫೀಸು, ಸಮವಸ್ತ್ರ, ಕೊಡೆ, ಜ್ವರಕ್ಕೆ ಔಷಧಿ.

ಬ್ಯಾಂಕಿನ ಕಂತಿಗೆ ಇದ್ಯಾವುದೂ ಗೊತ್ತಿಲ್ಲ. ಜುಲೈ 5ಕ್ಕೂ ಅದು ಬರುತ್ತದೆ, ಜನವರಿ 5ಕ್ಕೂ ಬರುತ್ತದೆ. ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ದಂಡ ಬೀಳುತ್ತದೆ, ಸಾಲದ ದಾಖಲೆಯಲ್ಲಿ ಮಗನ ಹೆಸರು ಕೆಡುತ್ತದೆ. ಮುಂದೆ ಮನೆ ಕಟ್ಟುವುದಕ್ಕೋ ಅಂಗಡಿ ಇಡುವುದಕ್ಕೋ ಸಾಲ ಕೇಳಿದಾಗ ಆ ದಾಖಲೆ ಅಡ್ಡ ಬರುತ್ತದೆ.

ಸ್ವಂತ ತೋಟ ಇರುವ ಮನೆಯವರೂ ಧೈರ್ಯವಾಗಿರುವಂತಿಲ್ಲ. ಹಳದಿ ಎಲೆ ರೋಗದಿಂದ ನಮ್ಮ ಕಡೆಯ ಎಷ್ಟೋ ಅಡಿಕೆ ತೋಟಗಳು ಬರಿದಾಗಿವೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಳೆ ಹೆಚ್ಚಾದ ವರ್ಷ ಕೊಳೆ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕಾರಿಗೆ ಸಹಿ ಹಾಕುತ್ತೇವೆ. ಆದರೆ ಕಂತು ಕಟ್ಟಬೇಕಾದ್ದು ಮುಂದಿನ ಏಳು ವರ್ಷದ ಬೆಳೆಯಿಂದ. ಕಂತು ತಪ್ಪಿದಾಗ ಮಂಡಿಯಿಂದ ಮುಂಗಡ ತರುತ್ತೇವೆ. ಒಂದು ಸಾಲದ ಬಾಯಿಗೆ ಇನ್ನೊಂದು ಸಾಲ.

ಆದ್ದರಿಂದ ಸಾಲ ಮಾಡುವ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ "ಕಂತು ಎಷ್ಟು?" ಎನ್ನುವುದಲ್ಲ. "ಆಷಾಢದ ಕಂತನ್ನು ಯಾರು ಕಟ್ಟುತ್ತಾರೆ?" ಎನ್ನುವುದು. ಇದಕ್ಕೆ ಉತ್ತರ ಇಲ್ಲದಿದ್ದರೆ ಸಹಿ ಹಾಕಬಾರದು.

ದುಡಿಸುವ ಗಾಡಿ ಆದರೆ?

"ನಾನು ಶೋಕಿಗೆ ಕೇಳ್ತಿಲ್ಲ ಅಮ್ಮಾ, ಬಾಡಿಗೆ ಓಡಿಸ್ತೀನಿ, ಗಾಡೀನೇ ಕಂತು ಕಟ್ಟುತ್ತೆ" ಎಂದು ಕೆಲವರು ಹೇಳುತ್ತಾರೆ. ಇದು ಬೇರೆ ವಿಷಯ. ದುಡಿಯುವ ಗಾಡಿಗೆ ಸಾಲ ಮಾಡುವುದರಲ್ಲಿ ತಪ್ಪಿಲ್ಲ. ಆದರೆ ಮೂರು ಮಾತು ನೆನಪಿರಲಿ.

ಒಂದು, ಬಾಡಿಗೆಗೆ ಓಡಿಸುವುದಾದರೆ ಹಳದಿ ಬೋರ್ಡು, ಪರ್ಮಿಟ್, ಫಿಟ್‌ನೆಸ್, ಅದಕ್ಕೆ ತಕ್ಕ ವಿಮೆ ಬೇಕು. ಬಿಳಿ ಬೋರ್ಡಿನ ಕಾರಿನಲ್ಲಿ ದುಡ್ಡು ತೆಗೆದುಕೊಂಡು ಜನ ಸಾಗಿಸುವುದು ಕಾನೂನಿಗೆ ವಿರುದ್ಧ. ಅಪಘಾತ ಆದರೆ ವಿಮೆಯವರು ಕೈ ಎತ್ತಬಹುದು. ಆಗ ಪರಿಹಾರದ ಹಣ ನಮ್ಮ ಮನೆ ತೋಟದ ಮೇಲೆ ಬರುತ್ತದೆ.

ಎರಡು, ಶೃಂಗೇರಿ ಹೊರನಾಡಿಗೆ ಬರುವ ಯಾತ್ರಿಕರು ರಜೆಯಲ್ಲಿ, ಹಬ್ಬದಲ್ಲಿ ತುಂಬಿರುತ್ತಾರೆ, ಜಡಿಮಳೆಯಲ್ಲಿ ಕಡಿಮೆ. ಬಾಡಿಗೆಗೂ ಮಳೆಗಾಲ ಇದೆ. 2020ರಲ್ಲಿ ಲಾಕ್‌ಡೌನ್ ಆದಾಗ ಟ್ಯಾಕ್ಸಿಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತವು. ಮಾರ್ಚಿಯಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ಕೊಟ್ಟಿತು ನಿಜ, ಆದರೆ ಆ ಆರು ತಿಂಗಳ ಬಡ್ಡಿ ನಿಲ್ಲಲಿಲ್ಲ. ಬಡ್ಡಿಯ ಮೇಲಿನ ಬಡ್ಡಿಯನ್ನು ಮಾತ್ರ ಆಮೇಲೆ ಸರ್ಕಾರ ಭರಿಸಿತು.

ಮೂರು, ನಮ್ಮ ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಸಿಕೊಳ್ಳಿ. 1991ರಲ್ಲಿ ಕೆಲಸ ಕಳೆದುಕೊಂಡ ಬಸ್ ಕಾರ್ಮಿಕರೇ ಒಟ್ಟಾಗಿ ಸಂಘ ಕಟ್ಟಿ ಬಸ್ ಓಡಿಸಿದರು. ನಾವೆಲ್ಲ ಆ ಬಸ್ಸುಗಳಲ್ಲಿ ಓಡಾಡಿದವರು. ಸುಮಾರು 29 ವರ್ಷ ನಡೆಸಿದ ಅಂಥ ಸಂಸ್ಥೆಯೂ ಖರ್ಚು ಆದಾಯವನ್ನು ಮೀರಿದಾಗ 2020ರ ಫೆಬ್ರವರಿಯಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಜನರ ಪ್ರೀತಿ ಇತ್ತು, ಅನುಭವ ಇತ್ತು, ಒಗ್ಗಟ್ಟು ಇತ್ತು. ಆದರೂ ಡೀಸೆಲ್, ತೆರಿಗೆ, ವಿಮೆಯ ಲೆಕ್ಕ ಕೂಡಿ ಬರಲೇಬೇಕು. ಅಷ್ಟು ಜನ ಸೇರಿ ಹೊತ್ತದ್ದನ್ನು ಒಬ್ಬ ಹುಡುಗ ಒಬ್ಬನೇ ಹೊರಲು ಹೊರಟಾಗ ಎಷ್ಟು ಎಚ್ಚರ ಬೇಕು ನೀವೇ ಯೋಚಿಸಿ. ಗಾಡಿ ಕೊಳ್ಳುವ ಮುಂಚೆ ಆರು ತಿಂಗಳು ಬೇರೆಯವರ ಗಾಡಿ ಓಡಿಸಲಿ. ದಿನದ ಬಾಡಿಗೆ ಎಷ್ಟು, ಎಣ್ಣೆಗೆ ಎಷ್ಟು, ಖಾಲಿ ಕೂತ ದಿನ ಎಷ್ಟು ಎಂದು ಡೈರಿಯಲ್ಲಿ ಬರೆಯಲಿ. ಆ ಡೈರಿಯೇ ಅವನಿಗೆ ಉತ್ತರ ಹೇಳುತ್ತದೆ.

ಬಡ್ಡಿ ಹೇಳುವ ರೀತಿಯಲ್ಲಿ ಮೋಸ ಹೋಗಬೇಡಿ

ನಮ್ಮ ಸಂಘದಲ್ಲಿ ಅಸಲು ಇಳಿದ ಹಾಗೆ ಬಡ್ಡಿಯೂ ಇಳಿಯುತ್ತದೆ. ಇದು ನಿಮಗೆಲ್ಲ ಬಾಯಿಪಾಠ. ಆದರೆ ಹಳೆ ಕಾರಿಗೆ ಸಾಲ ಕೊಡುವ ಕೆಲವು ಕಡೆ ಫ್ಲಾಟ್ ಬಡ್ಡಿ ಹೇಳುತ್ತಾರೆ. ಅಂದರೆ ಮೊದಲ ದಿನದ ಪೂರ್ತಿ ಸಾಲಕ್ಕೆ ಕೊನೆಯ ತಿಂಗಳವರೆಗೂ ಬಡ್ಡಿ. 2 ಲಕ್ಷಕ್ಕೆ ಮೂರು ವರ್ಷ, ನೂರಕ್ಕೆ 10 ಫ್ಲಾಟ್ ಎಂದರೆ ಬಡ್ಡಿ 60 ಸಾವಿರ, ಕಂತು 7,222. ನಮ್ಮ ಸಂಘದ ರೀತಿಯಲ್ಲಿ ಲೆಕ್ಕ ಹಾಕಿದರೆ ಅದು ಸುಮಾರು ನೂರಕ್ಕೆ 18ರ ಬಡ್ಡಿ. ಹತ್ತು ಎಂದು ಕೇಳಿಸಿದ್ದು ಹದಿನೆಂಟು.

ಇದಕ್ಕೆ ಒಂದು ದಾರಿ ಇದೆ. 2024ರ ಅಕ್ಟೋಬರ್ 1ರಿಂದ ಇಂಥ ಪ್ರತಿ ಹೊಸ ಸಾಲಕ್ಕೂ 'ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್' ಎಂಬ ಹಾಳೆಯನ್ನು ಸಹಿಗೆ ಮುಂಚೆಯೇ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಎಲ್ಲ ಶುಲ್ಕ ಸೇರಿಸಿ ನಿಜವಾದ ವಾರ್ಷಿಕ ದರ ಎಷ್ಟು ಎಂದು ಅದರಲ್ಲಿ ಬರೆದಿರಬೇಕು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಅದನ್ನು ಕೇಳಿ ತೆಗೆದುಕೊಂಡು ಮನೆಗೆ ತನ್ನಿ. ಅಲ್ಲೇ ನಿಂತು ಸಹಿ ಹಾಕಬೇಡಿ. "ಇವತ್ತೇ ಕೊನೆ ದಿನ, ಆಫರ್ ಮುಗಿಯುತ್ತೆ" ಎಂದರೆ ಇನ್ನೂ ನಿಧಾನ ಮಾಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. ನೂರಕ್ಕೆ 18ಕ್ಕೆ ಇಳಿದಿದೆ. ಬೆಲೆ ಇಳಿದದ್ದು ನಿಜ, ಆದರೆ ನಮ್ಮ ಸಂಬಳ ಏರಿಲ್ಲವಲ್ಲ.

ಸಂಘದ ಹಣ ಯಾರದ್ದು?

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಸಂಘದ ಒಂದು ಲಕ್ಷ ಆ ತಾಯಿಯ ಒಂದು ಲಕ್ಷ ಅಲ್ಲ. ಅದರಲ್ಲಿ ಹದಿನೈದು ಇಪ್ಪತ್ತು ಹೆಂಗಸರು ವಾರ ವಾರ ಕೂಡಿಟ್ಟ ಉಳಿತಾಯ ಇದೆ, ಎಲ್ಲರ ಹೊಣೆಯ ಮೇಲೆ ಬ್ಯಾಂಕು ಕೊಟ್ಟ ಸಾಲ ಇದೆ. ಒಬ್ಬರು ಕಂತು ತಪ್ಪಿಸಿದರೆ ಸಂಘವೇ ಸುಸ್ತಿಯಾಗುತ್ತದೆ. ಮುಂದಿನ ಸಲ ಒಬ್ಬ ತಂಗಿಗೆ ಆಪರೇಷನ್‌ಗೆ ದುಡ್ಡು ಬೇಕಾದಾಗ ಬ್ಯಾಂಕು ಇಲ್ಲ ಎನ್ನುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಟ್ಟಲಾಗದ ಹೆಂಗಸು ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಡುತ್ತಾಳೆ. ಅವಳಿಗೆ ಸಂಘದ ಆಸರೆ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಸಂಘದಿಂದ ದೂರವಾಗುತ್ತಾಳೆ.

ಇನ್ನೊಂದು ಅಭ್ಯಾಸ ಕೆಲವು ಕಡೆ ಇದೆ. ನಡಾವಳಿ ಪುಸ್ತಕದಲ್ಲಿ 'ಹಸು ಕೊಳ್ಳಲು' ಎಂದು ಬರೆಸುವುದು, ದುಡ್ಡು ಕಾರಿಗೆ ಕೊಡುವುದು. ಇದು ಬೇಡ. ಹಸುವಿನ ಸಾಲಕ್ಕೆ ಹಾಲಿನ ದುಡ್ಡಿನಿಂದ ಮರುಪಾವತಿ ಎಂದು ಸಂಘ ಲೆಕ್ಕ ಹಾಕಿರುತ್ತದೆ. ಹಸುವೇ ಇಲ್ಲದ ಮೇಲೆ ಹಾಲು ಎಲ್ಲಿಂದ? ಕಾರಿಗೆ ಬೇಕಾದರೆ ಕಾರಿಗೆ ಎಂದೇ ಕೇಳಿ. ಕೊಡಬೇಕೋ ಬೇಡವೋ ಎಲ್ಲರೂ ಕೂತು ತೀರ್ಮಾನ ಮಾಡಲಿ.

ಜಾಮೀನು ಹಾಕುವಾಗಲೂ ಹಾಗೆಯೇ. "ಸುಮ್ಮನೆ ಒಂದು ಸಹಿ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರರಿಗೂ ಕಾನೂನಿನಲ್ಲಿ ಅಷ್ಟೇ ಹೊಣೆ. ಮಗನ ಕಾರಿಗೆ ಅಮ್ಮನ ಬಂಗಾರ ಅಡವಿಡುವ ಮನೆಯಲ್ಲಿ ಮಗಳ ನರ್ಸಿಂಗ್ ಫೀಸಿಗೆ ದುಡ್ಡಿಲ್ಲ ಎನ್ನುವ ಮಾತು ಬರುತ್ತದೆಯೇ ಎಂದೂ ನಾವು ನೋಡಿಕೊಳ್ಳಬೇಕು. ಆ ಬಂಗಾರದ ಮೇಲೆ ಮಗಳಿಗೂ ಸಮಾನ ಹಕ್ಕಿದೆ.

ಹಾಗಾದರೆ ಏನು ಮಾಡಬಹುದು?

ಬೇಡ ಎಂದು ಬಾಯಿ ಮುಚ್ಚಿಸುವುದರಿಂದ ಪ್ರಯೋಜನ ಇಲ್ಲ. ಹದಿನೆಂಟು ತುಂಬಿದ ಮಗ ನಮ್ಮನ್ನು ಕೇಳದೆಯೂ ಸಹಿ ಹಾಕಬಲ್ಲ. ಮಗನ ಜೊತೆ ಈ ನಾಲ್ಕು ಕೆಲಸ ಮಾಡಿ.

1. ಕಂತಿನ ಪರೀಕ್ಷೆ. ಕಾರು ಬಂದಿದೆ ಎಂದೇ ಭಾವಿಸಿ ಕಂತಿಗೆ 10 ಸಾವಿರ, ವಿಮೆ ರಿಪೇರಿಗೆ 2 ಸಾವಿರ, ಒಟ್ಟು 12 ಸಾವಿರವನ್ನು ತಿಂಗಳು ತಿಂಗಳು ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕಟ್ಟಲಿ. ಜೂನಿನಲ್ಲೇ ಶುರು ಮಾಡಲಿ. ಒಂದು ವರ್ಷ ತಪ್ಪದೆ ಕಟ್ಟಿದರೆ 1 ಲಕ್ಷ 44 ಸಾವಿರ ಅವನ ಕೈಯಲ್ಲಿ. ಕೈಯಿಂದ ಹಾಕುವ ದುಡ್ಡು ಅವನದೇ ಆಯಿತು, ಅಮ್ಮನ ಸಂಘ ಬೇಕಾಗಿಲ್ಲ. ನಾಲ್ಕನೇ ತಿಂಗಳಿಗೇ ಕಟ್ಟಲಾಗದಿದ್ದರೆ ನಷ್ಟ ಏನೂ ಇಲ್ಲ, ದುಡ್ಡು ಅವನದಾಗಿಯೇ ಇದೆ. ಉತ್ತರ ಮಾತ್ರ ಗೊತ್ತಾಯಿತು.

2. ಕಳೆದ ಒಂದು ವರ್ಷದಲ್ಲಿ ಮನೆಗೆ ಬಾಡಿಗೆ ಗಾಡಿ ಎಷ್ಟು ಸಲ ಬೇಕಾಯಿತು ಎಂದು ಬರೆಯಿರಿ. ಆರು ಸಲ, ಸಲಕ್ಕೆ 3,000 ಎಂದರೂ ವರ್ಷಕ್ಕೆ 18 ಸಾವಿರ. ಕಾರಿಗೆ ಒಂದು ತಿಂಗಳಿಗೇ 15 ಸಾವಿರ. ನೆರೆಯ ನಾಲ್ಕು ಮನೆಯವರು ಸೇರಿ ಒಬ್ಬ ಜೀಪಿನವರ ಜೊತೆ ರಾತ್ರಿ ಕರೆದರೂ ಬರುವಂತೆ ಮಾತಾಡಿ ಇಟ್ಟುಕೊಳ್ಳಬಹುದು.

3. ಚಿಕ್ಕದರಿಂದ ಶುರು. ಕೆಲಸಕ್ಕೆ ಹೋಗಿಬರಲು ಬೈಕು ಸಾಕಾಗುತ್ತದೆಯೇ? ಹಳೆಯ ಕಾರು ಕೊಂಡರೆ ಆರ್.ಸಿ. ಪುಸ್ತಕದಲ್ಲಿ ಹಳೆ ಸಾಲದ ನಮೂದು ಇದೆಯೇ, ವಿಮೆ ಇದೆಯೇ, ಕೇಸು ದಂಡ ಬಾಕಿ ಇದೆಯೇ ನೋಡಿ, ತಿಳಿದ ಮೆಕ್ಯಾನಿಕ್ಕಿಗೆ ತೋರಿಸಿ, ಹೆಸರು ಬದಲಾಯಿಸಿಕೊಂಡೇ ಪೂರ್ತಿ ದುಡ್ಡು ಕೊಡಿ.

4. ಸಾಲ ಮಾಡುವುದೇ ಆದರೆ ಮೂರು ತಿಂಗಳ ಕಂತಿನಷ್ಟು ಹಣವನ್ನು ಮಳೆಗಾಲಕ್ಕೆಂದು ಬೇರೆ ಇಡಿ. ಅಡಿಕೆ, ಕಾಫಿಯ ದುಡ್ಡು ಬಂದಾಗ ಮುಂಗಡ ಕಟ್ಟಿದರೆ ಶುಲ್ಕ ಇದೆಯೇ ಎಂದು ಮೊದಲೇ ಕೇಳಿ. ಸಾಲ ತೀರಿದ ಮೇಲೆ ನಿರಾಕ್ಷೇಪಣಾ ಪತ್ರ ತಂದು ಆರ್.ಟಿ.ಓ. ಕಚೇರಿಯಲ್ಲಿ ಸಾಲದ ನಮೂದು ತೆಗೆಸಲು ಮರೆಯಬೇಡಿ.

ಈಗಾಗಲೇ ಸಿಕ್ಕಿಕೊಂಡವರು

ನಿಮ್ಮಲ್ಲಿ ಕೆಲವರ ಮನೆಯಲ್ಲಿ ಕಾರು ಬಂದಾಗಿದೆ, ಕಂತು ತಪ್ಪಿದೆ, ಯಾರಿಗೂ ಹೇಳಿಲ್ಲ. ಅವರಿಗೆ ನಮ್ಮ ಮಾತು ಇಷ್ಟೆ. ಮುಚ್ಚಿಡಬೇಡಿ. ಎರಡನೇ ಕಂತು ತಪ್ಪುವ ಮುಂಚೆ ಬ್ಯಾಂಕಿಗೆ ಹೋಗಿ ಮಾತಾಡಿ. ಹೊರಲು ಆಗುವುದಿಲ್ಲ ಎಂದು ಗೊತ್ತಾದರೆ, ಅವರು ಗಾಡಿ ಎಳೆದುಕೊಂಡು ಹೋಗಿ ಹರಾಜು ಹಾಕುವ ಮುಂಚೆ ಅವರ ಒಪ್ಪಿಗೆ ಪಡೆದು ನೀವೇ ಮಾರಿ. ಹೆಚ್ಚು ಬೆಲೆ ಸಿಗುತ್ತದೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು, ಬೆದರಿಸಬಾರದು, ನೆಂಟರ ಮುಂದೆ ಮಾನ ಕಳೆಯಬಾರದು ಎಂದು ರಿಸರ್ವ್ ಬ್ಯಾಂಕು ಹೇಳಿದೆ. ಸಣ್ಣ ಸಾಲ, ಮೈಕ್ರೋ ಸಾಲಗಳ ವಸೂಲಿಯಲ್ಲಿ ಕಿರುಕುಳ ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರ ಕಾನೂನನ್ನೇ ತಂದಿದೆ. ಆ ವರ್ಷದ ಆರಂಭದಲ್ಲಿ ವಸೂಲಿಯ ಕಾಟಕ್ಕೆ ಹೆದರಿ ಜನ ಊರು ಬಿಟ್ಟ ಸುದ್ದಿಯನ್ನು ನೀವೂ ಕೇಳಿದ್ದೀರಿ. ನಮ್ಮ ಸಂಘದ ಯಾವ ಮನೆಯೂ ಆ ಸ್ಥಿತಿಗೆ ಬರಬಾರದು. ಕಾರು ಹೋದರೆ ಇನ್ನೊಂದು ಬರುತ್ತದೆ. ಮಗನ ನೆಮ್ಮದಿ, ಮನೆಯ ಶಾಂತಿ ಹೋದರೆ ಕಷ್ಟ.

ಈ ವಿಷಯವನ್ನು ನಿಮ್ಮ ಮುಂದಿನ ವಾರದ ಸಭೆಯಲ್ಲಿ ಚರ್ಚೆಗೆ ಇಡಿ. ಈ ಮೂರು ಪ್ರಶ್ನೆ ಕೇಳಿಕೊಳ್ಳಿ.

• ನಮ್ಮ ಮನೆಯಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೆ ಎಷ್ಟು ದುಡ್ಡು ಬರುತ್ತದೆ, ಎಷ್ಟು ಖರ್ಚಾಗುತ್ತದೆ?

• ಮಕ್ಕಳ ವಾಹನಕ್ಕೆ ನಮ್ಮ ಸಂಘ ಸಾಲ ಕೊಡಬೇಕೇ? ಕೊಟ್ಟರೆ ಎಷ್ಟರವರೆಗೆ, ಯಾವ ಷರತ್ತಿನ ಮೇಲೆ?

• ಕಂತು ಕಟ್ಟಲಾಗದೆ ಸಭೆಗೆ ಬರುವುದನ್ನು ಬಿಟ್ಟ ಸದಸ್ಯೆ ಯಾರಾದರೂ ಇದ್ದಾರೆಯೇ? ಅವರ ಮನೆಗೆ ಈ ವಾರ ಯಾರು ಹೋಗುತ್ತೀರಿ?

ಮಾಡಿದ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮುಂದಿನ ಒಕ್ಕೂಟದ ಸಭೆಗೆ ತನ್ನಿ. ಆಗುವುದಾದರೆ ಗಂಡುಮಕ್ಕಳು, ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಅವರ ಮಾತನ್ನೂ ಕೇಳೋಣ.